ಕಣ್ಣು ಮುಚ್ಚಿ ಕೇಳಬಾರದು

ಕಣ್ಣು ಮುಚ್ಚಿಕೊಂಡು ಸಂಗೀತ ಕೇಳುವವರನ್ನು ಕಂಡರೆ ಕೋದಂಡರಾಮಪ್ಪನವರಿಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಸೀಮೆಯಲ್ಲಿ ಅದು ರಸಿಕತೆಯ ಲಕ್ಷಣವೆಂದೇ ಹೆಸರಾಗಿದೆ. ಮೊದಲ ಸಾಲಿನ ಮಾನ್ಯರು ಆಲಾಪನೆ ಆರಂಭವಾದ ಕ್ಷಣವೇ ರೆಪ್ಪೆ ಇಳಿಸಿ, ತಲೆ ತೂಗುತ್ತ, ನಡುನಡುವೆ ಲೊಚಗುಟ್ಟುತ್ತ ಕುಳಿತರೆಂದರೆ ಹಿಂದಿನ ಸಾಲಿನವರಿಗೆ ಅವರ ಮೇಲೆ ಭಕ್ತಿಯೇ ಹುಟ್ಟಿಬಿಡುತ್ತದೆ. ಕೋಲಾರದ ಒಂದು ರಾಮೋತ್ಸವದ ಕಚೇರಿಯಲ್ಲಿ ಇಂಥ ಒಬ್ಬ ಮಹನೀಯರ ಪಕ್ಕೆಗೆ ಕೋದಂಡರಾಮಪ್ಪನವರು ಬೆರಳಿನಿಂದ ತಿವಿದದ್ದನ್ನು ನಾನೇ ಕಂಡಿದ್ದೇನೆ. "ಕಣ್ಬಿಡಿ ಸ್ವಾಮಿ," ಎಂದರು, ಪಿಸುದನಿಯಲ್ಲೇನೂ ಅಲ್ಲ. "ಅಲ್ಲಿ ಆವಯ್ಯ ಉಸಿರು ಕಟ್ಕೊಂಡು ಸಾಯ್ತಾವ್ನೆ, ನೀವಿಲ್ಲಿ ನಿದ್ದೆ ಮಾಡ್ತಿದೀರ." ಆ ಮಹನೀಯರು ನಿವೃತ್ತ ತಹಶೀಲ್ದಾರರು. ಮರುವರ್ಷದಿಂದ ಆ ಉತ್ಸವಕ್ಕೆ ಕೋದಂಡರಾಮಪ್ಪನವರನ್ನು ಊದಲು ಕರೆಯಲಿಲ್ಲ.

ಊದುವುದು ಅವರ ಮನೆತನದ ಕಸುಬು. ಮುಳಬಾಗಿಲಿನಲ್ಲಿ ಅವರ ತಾತ ನಾಗಸ್ವರ ಊದಿದರು, ತಂದೆ ನಾಗಸ್ವರ ಊದಿದರು, ಇವರು ಹದಿನೇಳನೆಯ ವಯಸ್ಸಿಗೆ ಸ್ಯಾಕ್ಸೊಫೋನ್ ಹಿಡಿದು ಅಪ್ಪನ ಕೈಲಿ ಬೈಸಿಕೊಂಡರು, ಮದುವೆ ಮನೆಗಳವರು ಅದನ್ನೇ ಬಯಸತೊಡಗಿದ ಮೇಲೆ ಅದೇ ಅಪ್ಪನ ಕೈಲಿ ಹೊಗಳಿಸಿಕೊಂಡರು. ಈಗ ಅರವತ್ತೊಂದು ವಯಸ್ಸು. ನಲವತ್ತನಾಲ್ಕು ವರ್ಷ ಆ ಭಾರದ ವಾದ್ಯವನ್ನು ಕೊರಳಿಗೆ ನೇತುಹಾಕಿಕೊಂಡದ್ದರಿಂದ ಅವರ ಕತ್ತು ಮುಂದಕ್ಕೆ ಬಾಗಿದೆ. ನಡೆಯುವಾಗ ನೆಲದಲ್ಲಿ ಏನನ್ನೋ ಹುಡುಕುತ್ತಿರುವಂತೆ ಕಾಣುತ್ತಾರೆ. ಕಾಫಿಪುಡಿಯ ಬಣ್ಣದ ಒಂದು ಕೋಟು, ಏಪ್ರಿಲ್ ಬಿಸಿಲಿಗೂ ಅದೇ, ಕಾಲರಿನಲ್ಲಿ ವಾದ್ಯದ ಪಟ್ಟಿ ಉಜ್ಜಿ ಉಜ್ಜಿ ನೂಲು ಕಾಣುತ್ತದೆ. ಒಳಜೇಬಿನಲ್ಲಿ ಸೋಪಿನ ಡಬ್ಬಿ, ಅದರೊಳಗೆ ಬಿಳಿಬಟ್ಟೆಯಲ್ಲಿ ಸುತ್ತಿದ ರೀಡುಗಳು. ಊದುವ ಮುನ್ನ ಆ ಬಿದಿರಿನ ಚಕ್ಕೆಯಂಥ ರೀಡನ್ನು ಬಾಯಲ್ಲಿಟ್ಟು ನೆನೆಸಬೇಕು. ನೆನೆಸುತ್ತಲೇ ಅವರು ಬಾಯಿಯ ಇನ್ನೊಂದು ಮೂಲೆಯಿಂದ ಜಗತ್ತನ್ನು ಬೈಯುವುದುಂಟು. ಅಡುಗೆಯವರನ್ನು, ಮೈಕಿನವರನ್ನು, ಮಂಟಪದ ಎದುರಿಗೇ ಬೆನ್ನು ತಿರುಗಿಸಿ ಫೋನಿನಲ್ಲಿ ತಮ್ಮ ಮುಖವನ್ನು ತಾವೇ ಹಿಡಿದುಕೊಳ್ಳುವವರನ್ನು, ಎರಡು ಗಂಟೆ ಊದಿಸಿಕೊಂಡು ವಾಲಗದವರನ್ನು ಕೊನೆಯ ಪಂಕ್ತಿಗೆ ತಣ್ಣನೆಯ ಸಾರಿಗೆ ಕೂರಿಸುವ ದೊಡ್ಡ ಮನೆಯವರನ್ನು. ಬೈಗುಳದಲ್ಲಿ ಒಂದಾದರೂ ಸುಳ್ಳು ಇತ್ತೇ ಎಂದು ಹುಡುಕಿದ್ದೇನೆ, ಸಿಕ್ಕಿಲ್ಲ.

ಇಂಥವರು ಒಂಬತ್ತು ವರ್ಷಗಳಿಂದ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಸುಗಟೂರಿನಲ್ಲಿ, ತಮ್ಮ ಮೇಳದ ಡೋಲಿನ ಮುನಿಯಲ್ಲಪ್ಪನ ರೇಷ್ಮೆಹುಳು ಸಾಕುವ ಮನೆಯಲ್ಲಿ, ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ, ಮಂದಗೋಡೆಗಳ ಆ ಖಾಲಿ ಕೋಣೆಯಲ್ಲಿ ಎರಡು ದೊಡ್ಡ ಸ್ಪೀಕರ್ ಇಟ್ಟು ನಮಗೆ ಫ್ರೀ ಜಾಝ್ ಕೇಳಿಸುತ್ತಾರೆ. ಏಳೆಂಟು ಜನ ಸೇರುತ್ತೇವೆ. ಅಮೆರಿಕದ ಕಪ್ಪುಜನ ಸುಮಾರು ಅರವತ್ತು ವರ್ಷಗಳ ಹಿಂದೆ ಕಟ್ಟಿದ ಸಂಗೀತ ಅದು. ಹಾಡಿಗೊಂದು ಮಟ್ಟು ಇರಬೇಕು, ತಾಳಕ್ಕೊಂದು ಆವರ್ತ ಇರಬೇಕು, ಯಾರು ಯಾವಾಗ ನುಡಿಸಬೇಕೆಂಬುದು ಮೊದಲೇ ಗೊತ್ತಾಗಿರಬೇಕು ಎಂಬ ಕಟ್ಟುಪಾಡುಗಳನ್ನೆಲ್ಲ ಸಡಿಲಿಸಿ, ನಾಲ್ಕೈದು ಜನ ಏಕಕಾಲಕ್ಕೆ ತಮ್ಮತಮ್ಮ ಮಾತನ್ನು ಆ ಕ್ಷಣದಲ್ಲೇ ಹುಟ್ಟಿಸಿ ನುಡಿಸುವುದು ಅದರ ರೀತಿ. ಇಷ್ಟನ್ನು ನಾನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಮೊದಲ ಭಾನುವಾರ ಮಾಲೂರಿನಿಂದ ಎರಡು ಬಸ್ಸು ಬದಲಿಸಿ ಹೋಗಿದ್ದ, ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಪಾಠ ಮಾಡುವ ನಾನು, ಆರನೆಯ ನಿಮಿಷಕ್ಕೆ ಕಿವಿ ಮುಚ್ಚಿಕೊಂಡು, "ಇದು ಬರೀ ಗದ್ದಲ ಅಲ್ಲವೇ?" ಎಂದಿದ್ದೆ.

ಕೋದಂಡರಾಮಪ್ಪನವರು ಎದ್ದು ಹೋಗಿ ಸಂಗೀತ ನಿಲ್ಲಿಸಿದರು. "ಮೇಷ್ಟ್ರೇ, ಕೋಲಾರದ ಟೊಮೆಟೊ ಮಂಡಿಗೆ ಹೋಗಿದೀರಾ? ಬೆಳಗ್ಗೆ ಇಪ್ಪತ್ತು ಜನ ಒಟ್ಟಿಗೆ ಹರಾಜು ಕೂಗ್ತಾರೆ. ಆ ಇಪ್ಪತ್ತರಲ್ಲಿ ತನ್ನ ಬಾಕ್ಸ್ ಕೂಗೋನ ದನಿ ಯಾವ್ದು ಅಂತ ರೈತನಿಗೆ ಗೊತ್ತಾಗ್ತೈತೆ. ಅವನಿಗೆ ಅದು ಗದ್ದಲ ಅಲ್ಲ. ನಿಮ್ದು ಅಲ್ಲಿ ಏನೂ ಇಲ್ಲ ನೋಡಿ, ಅದಕ್ಕೇ ನಿಮಗೆ ಗದ್ದಲ." ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವರಿಗೆ ಕಾಣಿಸಿತು ಕೂಡ. ಬರಲಿ, ಒಳ್ಳೆಯದೇ, ಸಿಟ್ಟು ಬಂದವನು ನಿದ್ದೆ ಹೋಗುವುದಿಲ್ಲ ಎಂದು ಮುನಿಯಲ್ಲಪ್ಪನಿಗೆ ಹೇಳಿ ಅದೇ ತುಣುಕನ್ನು ಮೊದಲಿನಿಂದ ಹಾಕಿದರು.

ಅವರ ಪಾಠದಲ್ಲಿ ವಿವರಣೆ ಕಡಿಮೆ, ಗದರಿಕೆ ಹೆಚ್ಚು. "ಊರ್ಕೇ ವಿನು" ಎಂಬುದು ಅವರ ಪಲ್ಲವಿ. ತೆಲುಗಿನಲ್ಲಿ ಸುಮ್ಮನೆ ಕೇಳು ಎಂದರ್ಥ; ನನಗೆ ಮರ್ಯಾದೆ ಸೇರಿಸಿ "ಊರ್ಕೇ ವಿನಂಡಿ ಮೇಷ್ಟ್ರೇ" ಎನ್ನುತ್ತಾರೆ. ಸುಮ್ಮನೆ ಎಂದರೆ ಹಾಡು ಹುಡುಕಬಾರದು, ಇದು ಯಾವ ರಾಗಕ್ಕೆ ಹತ್ತಿರ ಎಂದು ಪಾಂಡಿತ್ಯ ತೆಗೆಯಬಾರದು, ಕಾಲಿನಲ್ಲಿ ತಾಳ ಹಾಕಬಾರದು. ನಾನು ಕಾಲು ಆಡಿಸುವುದನ್ನು ಕಂಡು ಒಮ್ಮೆ ತಮ್ಮ ಚಪ್ಪಲಿಯನ್ನೇ ನನ್ನ ಪಾದದ ಮೇಲೆ ಇಟ್ಟು ಒತ್ತಿದರು. ಮೊದಲ ಸಲ ಹತ್ತೇ ನಿಮಿಷ, ಅದೂ ಒಂದೇ ವಾದ್ಯದ ಬೆನ್ನು ಹತ್ತಬೇಕು. ಉಳಿದವರು ಎಷ್ಟೇ ಎಳೆದರೂ ಆ ಒಬ್ಬನ ಕೈ ಬಿಡಬಾರದು. ಅವನು ಎಲ್ಲಿ ಉಸಿರು ತೆಗೆದುಕೊಂಡ, ಎಲ್ಲಿ ತಡವರಿಸಿದ, ಎಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಅದೇ ತುಣುಕು ಎರಡನೆಯ ಸಲ ಬಂದಾಗ ಇನ್ನೊಬ್ಬನ ಬೆನ್ನು. ನಾಲ್ಕನೆಯ ಸಲಕ್ಕೆ, ಎಲ್ಲರ ಮುಖಪರಿಚಯವಾದ ಮೇಲೆ, ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಎಂದು ನೋಡಬೇಕು. ಹೌದು, ನೋಡಬೇಕು ಎಂದೇ ಅವರು ಹೇಳುವುದು.

ನಮ್ಮೆಲ್ಲರಿಗಿಂತ ಮೊದಲು ಉತ್ತೀರ್ಣಳಾದವಳು ಮುನಿಯಲ್ಲಪ್ಪನ ಹೆಂಡತಿ ಚಿಕ್ಕಗಂಗಮ್ಮ. ಆಕೆ ಕೇಳಲು ಬಂದವಳೇ ಅಲ್ಲ; ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತುಣುಕು ಮುಗಿದಾಗ, "ಸಾವಿನ ಮನೇಲಿ ಹೆಂಗಸ್ರು ಅಳ್ತಾರಲ್ಲ, ಹಂಗೈತೆ," ಎಂದಳು. "ಎಲ್ರೂ ಒಟ್ಟಿಗೇ ಅಳ್ತಾರೆ, ಆದ್ರೆ ಒಬ್ಬೊಬ್ರು ಅವರವರ ಮಾತೇ ಹೇಳ್ಕೊಂಡು ಅಳ್ತಾರೆ. ಆ ದಪ್ಪ ತಂತೀದು ಇದ್ಯಲ್ಲ, ಅದೊಂದೇ ಅಳ್ತಿಲ್ಲ. ಎಲ್ರನ್ನೂ ಸಮಾಧಾನ ಮಾಡ್ತೈತೆ." ಆಳೆತ್ತರದ ಪಿಟೀಲಿನಂಥ ಒಂದು ವಾದ್ಯ ತಳದಲ್ಲಿ ಗುಂಯ್‌ಗುಡುತ್ತಿತ್ತು; ಎರಡು ತಿಂಗಳಿಂದ ಬರುತ್ತಿದ್ದ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ. ಕೋದಂಡರಾಮಪ್ಪನವರು ಲೋಟಗಳನ್ನು ಅವಳ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟು, ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಅಂದಿನಿಂದ ಕಾಫಿ ಹಂಚುವುದು ನನ್ನ ಕೆಲಸ.

ಈ ಮನುಷ್ಯನಿಗೆ ಇಷ್ಟು ಸಿಟ್ಟೇಕೆ, ಅದೂ ಕೇಳುವುದರ ವಿಷಯದಲ್ಲಿ ಮಾತ್ರ ಏಕೆ, ಎಂಬುದು ನನಗೆ ತಿಳಿಯಲು ನಾಲ್ಕು ವರ್ಷ ಹಿಡಿಯಿತು. ಅದನ್ನು ಹೇಳುವ ಮುನ್ನ ಗಟ್ಟಿಮೇಳದ ಬಗ್ಗೆ ಒಂದು ಮಾತು ಹೇಳಬೇಕು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ" ಎನ್ನುತ್ತಾರೆ. ಆ ಕ್ಷಣಕ್ಕೆ ವಾಲಗದವರು ನುಡಿಸುತ್ತಿದ್ದ ಕೀರ್ತನೆಯನ್ನು ಅರ್ಧಕ್ಕೇ ಬಿಟ್ಟು, ರಾಗ ತಾಳಗಳ ಹಂಗಿಲ್ಲದೆ, ಶಕ್ತಿಯಿದ್ದಷ್ಟೂ ಗಟ್ಟಿಯಾಗಿ ಊದಿ ಬಡಿಯಬೇಕು. ಮಂಗಳದ ಗಳಿಗೆಯಲ್ಲಿ ಒಂದು ಸೀನು, ಒಂದು ಬಿಕ್ಕು, ಒಂದು ಅಪಶಬ್ದ ಯಾರ ಕಿವಿಗೂ ಬೀಳಬಾರದು. ಅದಕ್ಕಾಗಿ ಮೇಳ. ಎರಡು ಗಂಟೆ ಕಷ್ಟಪಟ್ಟು ನುಡಿಸಿದ್ದನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ತಲೆಯೆತ್ತಿ ಕಿವಿಗೊಡುವ ಆ ಒಂದು ನಿಮಿಷ ಮಾತ್ರ ಬೇರೇನೂ ಕೇಳಿಸದಿರಲಿ ಎಂದು ಇರುವಂಥದು. ಇಂಥ ಏರ್ಪಾಡನ್ನು ಮಾಡಿಕೊಂಡ ಸಮಾಜ ನಮ್ಮದು, ಅದರ ಬಗ್ಗೆ ನಮಗೆ ಹೆಮ್ಮೆಯೂ ಇದೆ.

ಕೋದಂಡರಾಮಪ್ಪನವರ ಗಟ್ಟಿಮೇಳವೆಂದರೆ ನಾಲ್ಕು ತಾಲ್ಲೂಕಿನಲ್ಲಿ ಪ್ರಸಿದ್ಧಿ. ಇಪ್ಪತ್ತೇಳು ವರ್ಷದ ಹಿಂದೆ ಅವರ ತಂಗಿ ಗಂಗಾಲಕ್ಷ್ಮಿಯ ಮದುವೆಯಾಯಿತು. ಆಕೆ ಆಗ ಟಿ.ಸಿ.ಎಚ್. ಓದುತ್ತಿದ್ದಳು, ಕೊನೆಯ ಪರೀಕ್ಷೆ ಬಾಕಿಯಿತ್ತು; ಪರೀಕ್ಷೆ ಬರೆದು ಶಾಲೆಯಲ್ಲಿ ಮೇಡಂ ಆಗಿ ಆಮೇಲೆ ಮದುವೆ ಎಂಬುದು ಅವಳ ಆಸೆ. ಶ್ರೀನಿವಾಸಪುರದ ಸಂಬಂಧ ಬಂತು, ಕಾಯುವವರು ಅವರಲ್ಲ, ಅಪ್ಪ ಒಪ್ಪಿಬಿಟ್ಟರು. ತಂಗಿ ಅತ್ತಳು. ಮದುವೆಯ ಹಿಂದಿನ ದಿನ ಅಣ್ಣ ಅವಳಿಗೆ ಮಾತು ಕೊಟ್ಟರು: "ನಿಂಗೆ ಬೇಡ ಅನ್ಸಿದ್ರೆ ಕೊನೇ ಗಳಿಗೇಲಾದ್ರೂ ಹೇಳು ಕಣಮ್ಮ. ಮಂಟಪದಲ್ಲೇ ನಿಲ್ಲಿಸ್ತೀನಿ, ಅಪ್ಪ ಅಲ್ಲ, ಯಾರೇ ಅಡ್ಡ ಬರ್ಲಿ." ಮರುದಿನ ಸ್ವಂತ ತಂಗಿಯ ಮದುವೆಯೆಂದು ತಾವೇ ಊದಲು ನಿಂತರು. ಪುರೋಹಿತರು ಬೆರಳೆತ್ತಿದ ಕೂಡಲೇ ಕಣ್ಣು ಮುಚ್ಚಿ ಊದಿದರು. ಜನ್ಮದಲ್ಲಿ ಹಾಗೆ ಊದಿರಲಿಲ್ಲವಂತೆ. ಕಲ್ಯಾಣಮಂಟಪದ ಶೀಟು ಅದುರಿತಂತೆ. ಅಪ್ಪ ಬಂದು ತಬ್ಬಿಕೊಂಡರಂತೆ.

ಹದಿನಾರು ವರ್ಷ ಅವರು ಆ ಗಟ್ಟಿಮೇಳದ ಬಡಾಯಿ ಕೊಚ್ಚಿದರು. ಒಂದು ಮಧ್ಯಾಹ್ನ ಶ್ರೀನಿವಾಸಪುರದಲ್ಲಿ ತಂಗಿ ಈಳಿಗೆಮಣೆಯ ಮುಂದೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಾಗಲೂ ಅದೇ ಮಾತು ತೆಗೆದರು: "ನಿನ್ ಮದುವೇಲಿ ಊದ್ದಂಗೆ ನಾನು ಇನ್ನೆಲ್ಲೂ ಊದಿಲ್ಲ ಕಣಮ್ಮ."

"ಹೂಂ, ಚೆನ್ನಾಗಿ ಊದ್ದೆ," ಎಂದಳು ಗಂಗಾಲಕ್ಷ್ಮಿ. ಕೈ ನಿಲ್ಲಿಸಲಿಲ್ಲ. "ಮೂರು ಸಲ ಬೇಡ ಅಂದೆ ಅಣ್ಣ. ನಿನ್ ಕಡೆಗೇ ತಿರುಗಿ ಅಂದೆ. ನೀನು ಕಣ್ಣು ಮುಚ್ಕೊಂಡಿದ್ದೆ."

ಆಕೆಯ ಗಂಡ ಕೆಟ್ಟವನಲ್ಲ. ಸಂಸಾರ ಎಲ್ಲರದರಂತೆ ನಡೆದಿದೆ. ಪರೀಕ್ಷೆ ಬರೆಯಲಿಲ್ಲ, ಅಷ್ಟೇ. ಆದರೆ ಈ ಅಷ್ಟೇ ಎಂಬ ಮಾತನ್ನು ಯಾರಾದರೂ ಅಂದರೆ ಕೋದಂಡರಾಮಪ್ಪನವರು ಕೈ ಎತ್ತುವುದೊಂದು ಬಾಕಿ. ಮಗಳ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದ ಅಪ್ಪನಿಗೆ ಅದು ಕೇಳಿಸಿರಲೇಬೇಕು. ಎರಡು ಮೊಳದ ದೂರದಲ್ಲಿದ್ದ ಪುರೋಹಿತರಿಗೂ ಕೇಳಿಸಿರಲೇಬೇಕು. ಅಶುಭದ ಮಾತು ಕಿವಿಗೆ ಬೀಳದಿರಲಿ ಎಂದು ತಾನೇ ಮೇಳ? ಹುಡುಗಿಯ 'ಬೇಡ' ಸೀನಿನ ಜೊತೆ, ಬಿಕ್ಕಿನ ಜೊತೆ ಆ ಲೆಕ್ಕಕ್ಕೇ ಸೇರಿಹೋಯಿತು. ಈ ಲೆಕ್ಕದಿಂದ ನನ್ನನ್ನು ನಾನು ಹೊರಗಿಡಲಾರೆ, ಏಕೆಂದರೆ ನಾನು ಉಂಡು ಬಂದ ಮದುವೆಗಳ ಸಂಖ್ಯೆ ಕಡಿಮೆಯಲ್ಲ, ಗಟ್ಟಿಮೇಳದ ಹೊತ್ತಿಗೆ ನಾನು ಸಾಮಾನ್ಯವಾಗಿ ಅಕ್ಷತೆ ಎಸೆದು ಊಟದ ಕೋಣೆಯ ಕಡೆ ಹೆಜ್ಜೆ ಹಾಕುತ್ತಿರುತ್ತೇನೆ.

ಏಳು ತಿಂಗಳು ಅವರು ವಾದ್ಯ ಮುಟ್ಟಲಿಲ್ಲ. ಆಮೇಲೆ ಮಾರಿಬಿಡುವುದೆಂದು ಬೆಂಗಳೂರಿಗೆ ಒಯ್ದರು. ಶಿವಾಜಿನಗರದ ಗಲ್ಲಿಯೊಂದರ ವಾದ್ಯ ರಿಪೇರಿ ಅಂಗಡಿಯಲ್ಲಿ ಮುದುಕರೊಬ್ಬರು ಯಾವುದೋ ಹಳೆಯ ರೆಕಾರ್ಡು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಸ್ಯಾಕ್ಸೊಫೋನ್ ಕಿರುಚುತ್ತಿತ್ತು, ತುತ್ತೂರಿ ಅರಚುತ್ತಿತ್ತು, ಡ್ರಮ್ಮಿನವನು ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದ. ಗಟ್ಟಿಮೇಳವೇ, ಒಂದು ನಿಮಿಷದ ಬದಲು ಇಪ್ಪತ್ತು ನಿಮಿಷದ ಗಟ್ಟಿಮೇಳ! ಕೋದಂಡರಾಮಪ್ಪನವರು ಆರಿಸಿ ಎಂದು ಕೂಗಿದರು. ಮುದುಕರಿಗೆ ಕಿವಿ ಮಂದ, ಆರಿಸಲಿಲ್ಲ. ಹಾಗೆ ಸಿಡುಕುತ್ತ ನಿಂತಿರುವಾಗಲೇ ಸ್ಯಾಕ್ಸೊಫೋನಿನವನು ಎಲ್ಲರ ಅಬ್ಬರದ ನಡುವೆ ಒಂದು ಸಣ್ಣ ಸದ್ದು ಮಾಡಿದ, ಗಂಟಲು ಕಟ್ಟಿದಂಥ ಸದ್ದು. ಡ್ರಮ್ಮಿನವನ ಕೈ ತಟ್ಟನೆ ನಿಂತಿತು. ತುತ್ತೂರಿಯೂ ತಗ್ಗಿತು. ಆ ಸಣ್ಣ ಸದ್ದಿಗೆ ಎಲ್ಲರೂ ಜಾಗ ಬಿಟ್ಟರು, ಅದು ತನ್ನ ಮಾತು ಹೇಳಿ ಮುಗಿಸುವವರೆಗೆ ಕಾದರು.

"ಅಷ್ಟು ಗಲಾಟೇಲೂ ಅವನು ಅಂದಿದ್ದು ಇವರಿಗೆ ಕೇಳಿಸ್ತು ಮೇಷ್ಟ್ರೇ," ಎಂದು ನನಗೆ ಹೇಳುವಾಗ ಅವರ ದನಿಯಲ್ಲಿ ಮೆಚ್ಚಿಗೆಗಿಂತ ಹೊಟ್ಟೆಯುರಿಯೇ ಹೆಚ್ಚಾಗಿತ್ತು. "ಅವರೂ ನನ್ನಷ್ಟೇ ಗಟ್ಟಿಯಾಗಿ ಊದ್ತಿದ್ರು. ಅವರಿಗೆ ಕೇಳಿಸ್ತು."

ವಾದ್ಯ ಮಾರದೆ ಹಿಂದಕ್ಕೆ ತಂದರು. ಸುಗಟೂರಿನ ಭಾನುವಾರಗಳು ಹೀಗೆ ಹುಟ್ಟಿದವು. ನಮಗೆಲ್ಲ ಆ ಸಂಗೀತ ಒಂದು ಹೊಸ ರುಚಿ, ಒಂದು ಹವ್ಯಾಸ; ಅವರಿಗೆ ಅದು ಶಿಕ್ಷೆಯಂತೆ ತೆಗೆದುಕೊಂಡ ಅಭ್ಯಾಸ. ಇನ್ನೊಮ್ಮೆ ಅಂಥ ಗಳಿಗೆ ಬಂದರೆ ತನ್ನ ಕಿವಿ ಸೋಲಬಾರದು ಎಂಬುದೊಂದೇ ಹಟ.

ಗಳಿಗೆ ಕಳೆದ ವೈಶಾಖದಲ್ಲಿ ಬಂತು. ಗಂಗಾಲಕ್ಷ್ಮಿಯ ಮಗಳು ವಾಣಿಶ್ರೀಗೆ ಮದುವೆ. ಇಪ್ಪತ್ತನಾಲ್ಕರ ಹುಡುಗಿ, ಮಾಲೂರಿನಲ್ಲಿ ಹಾಲು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಹಿರಿಯರು ನೋಡಿದ ಸಂಬಂಧವೇ. ಭಾನುವಾರದ ಗುಂಪಿನ ನಮಗೂ ಕರೆ ಬಂದಿತ್ತು. ಸೋದರಮಾವನಾದ ಕೋದಂಡರಾಮಪ್ಪನವರು ನಿಶ್ಚಿತಾರ್ಥದ ದಿನ ಅವಳನ್ನು ಪಕ್ಕಕ್ಕೆ ಕರೆದು ಕೇಳಿದರು, ಇಷ್ಟವಿದೆಯೇ ಎಂದು. ಇದೆ ಎಂದಳು. ಬಟ್ಟೆ ತರುವ ದಿನ ಕೇಳಿದರು. ಇದೆ ಎಂದಳು. ಮದುವೆಯ ಬೆಳಗ್ಗೆ, ಕೋಲಾರದ ಕಲ್ಯಾಣಮಂಟಪದಲ್ಲಿ, ಸೋದರಮಾವನ ಹಕ್ಕಿನಿಂದ ಕೈ ಹಿಡಿದು ಮಂಟಪಕ್ಕೆ ಕರೆತರುವಾಗ ಮತ್ತೆ ಕೇಳಿದರು. ಅವಳು ನಕ್ಕು ಹೌದು ಎಂದಳು. ಆ ನಗೆಯೇ ಅವರಿಗೆ ಅನುಮಾನ ಹುಟ್ಟಿಸಿತು. ಅಂಜಿ ನಗುತ್ತಿದ್ದಾಳೆ ಎಂದುಕೊಂಡರು. ಕೈ ಬಿಟ್ಟು, ಬಿರಬಿರನೆ ನಡೆದು, ವಾಲಗದ ಜಾಗಕ್ಕೆ ಬಂದು ಸ್ಯಾಕ್ಸೊಫೋನ್ ಕೊರಳಿಗೆ ಹಾಕಿಕೊಂಡರು.

ಪುರೋಹಿತರು ಬೆರಳೆತ್ತಿದರು. ಕೋದಂಡರಾಮಪ್ಪನವರು ಊದಲಿಲ್ಲ. ಮುನಿಯಲ್ಲಪ್ಪ ಡೋಲಿಗೆ ಕೋಲು ಎತ್ತಿದ್ದ, ಅವನ ಮಣಿಕಟ್ಟನ್ನು ಹಿಡಿದುಬಿಟ್ಟರು. "ಗಟ್ಟಿಮೇಳ, ಗಟ್ಟಿಮೇಳ" ಎಂದು ಪುರೋಹಿತರು ಎರಡು ಸಲ ಕೂಗಿದರು. ಆರುನೂರು ಜನರ ಸಭೆ ಮೊಟ್ಟಮೊದಲ ಬಾರಿಗೆ ಮಂಗಳಮುಹೂರ್ತದಲ್ಲಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಗಂಡಿನ ಕಡೆಯ ಒಬ್ಬ ಮುದುಕಪ್ಪ ಸೀನಿದರು, ಯಾವ ಮುಚ್ಚುಮರೆಯೂ ಇಲ್ಲದೆ, ಕಂಬಕಂಬಕ್ಕೂ ಕೇಳುವಂತೆ. ಹೆಂಗಸರು ಬಾಯಿಗೆ ಕೈ ಇಟ್ಟರು. ಗಂಡಿನ ತಂದೆ "ಏನಯ್ಯಾ ಇದು, ಯಾವ ಸೀಮೆ ವಾಲಗದವನಯ್ಯಾ ನೀನು" ಎಂದು ಎದ್ದರು. ತಾಳಿ ಹಿಡಿದ ಹುಡುಗನ ಕೈ ಹಾಗೇ ನಿಂತಿತ್ತು. ಕೋದಂಡರಾಮಪ್ಪನವರು ಇದ್ಯಾವುದನ್ನೂ ಗಮನಿಸದೆ, ಕಣ್ಣು ಕದಲಿಸದೆ, ಸೋದರಸೊಸೆಯ ಮುಖವನ್ನೇ ನೋಡುತ್ತ, "ಹೇಳಮ್ಮ," ಎಂದರು. "ಈಗ ಹೇಳು. ನಂಗೆ ಕೇಳಿಸ್ತೈತೆ."

ವಾಣಿಶ್ರೀಯ ಮುಖ ಕೆಂಪಾಯಿತು. ನಾಚಿಕೆಯಿಂದ ಎಂದು ನಾನು ಎಣಿಸಿದೆ. ಸಿಟ್ಟಿನಿಂದ ಎಂದು ಅವಳು ಬಾಯಿ ತೆರೆದ ಮೇಲೆ ಗೊತ್ತಾಯಿತು. "ಮಾವ, ಮೂರು ಸಲ ಇಷ್ಟ ಐತೆ ಅಂತ ಹೇಳಿದೀನಿ ನಿಂಗೆ. ಒಂದ್ಸಲನಾದ್ರೂ ಕೇಳಿಸ್ಕೊಂಡ್ಯಾ ನೀನು?"

ಕೋದಂಡರಾಮಪ್ಪನವರು ಮುನಿಯಲ್ಲಪ್ಪನ ಮಣಿಕಟ್ಟನ್ನು ಇನ್ನೂ ಹಿಡಿದೇ ಇದ್ದರು. ಆಗ ಮಗಳ ಹಿಂದೆ ನಿಂತಿದ್ದ ಗಂಗಾಲಕ್ಷ್ಮಿ ಮಂಟಪದ ಅಂಚಿಗೆ ಬಂದಳು. ದನಿ ಏರಿಸುವ ಅಗತ್ಯವೇ ಇರಲಿಲ್ಲ, ಅಷ್ಟು ಮೌನವಿತ್ತು.

"ಅಣ್ಣ, ಇದು ನನ್ ಮದುವೆ ಅಲ್ಲ. ಊದು."

ಊದಿದರು. ಆ ಗಟ್ಟಿಮೇಳ ಎಷ್ಟು ಹೊತ್ತು ನಡೆಯಿತೆಂದರೆ ತಾಳಿ ಕಟ್ಟಿ, ಅಕ್ಷತೆ ಬಿದ್ದು, ಪುರೋಹಿತರು ಸಾಕೆಂದು ಕೈ ಬೀಸಿದ ಮೇಲೂ ನಿಲ್ಲಲಿಲ್ಲ. ಅದರಲ್ಲಿ ಮಂಗಳವೇನೂ ಇರಲಿಲ್ಲ. ಬೈಯುತ್ತಿದ್ದರು, ಅಪ್ಪನನ್ನು, ಪುರೋಹಿತರನ್ನು, ನಮ್ಮೆಲ್ಲರನ್ನು, ಎಲ್ಲಕ್ಕಿಂತ ಹೆಚ್ಚಾಗಿ ವಾದ್ಯ ಹಿಡಿದ ಆ ಮನುಷ್ಯನನ್ನು. ಆರುನೂರು ಜನರಲ್ಲಿ ಅದು ಬೈಗುಳವೆಂದು ತಿಳಿದವರು ನಾವು ನಾಲ್ಕು ಮಂದಿ ಇದ್ದಿರಬಹುದು. ಉಳಿದವರು ಊಟಕ್ಕೆ ಎದ್ದರು. ಗಂಗಾಲಕ್ಷ್ಮಿ ಮಾತ್ರ ಆ ಮೇಳದ ಕೊನೆಯ ಉಸಿರಿನವರೆಗೂ ಅಲ್ಲೇ ನಿಂತು ಕೇಳಿದಳು.

ಕೇಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಕೇಳಿಸಿಕೊಳ್ಳದೆ ಹೋದವರೇ ಲೋಕದಲ್ಲಿ ಹೆಚ್ಚು. ಅವರಲ್ಲಿ ಬಹುಪಾಲು ಮಂದಿಗೆ, ಅಂದರೆ ನಮಗೆ, ಅದು ಗೊತ್ತೇ ಆಗುವುದಿಲ್ಲ. ಯಾರೂ ಏನೂ ಹೇಳಲಿಲ್ಲವಲ್ಲ ಎಂದು ಎಲೆಅಡಿಕೆ ಹಾಕಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತೇವೆ. ಎಲ್ಲೋ ಒಬ್ಬಿಬ್ಬರಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದವರು ಅದರಿಂದ ಸಾಧುಗಳಾಗುವುದಿಲ್ಲ, ಸಿಡುಕರಾಗುತ್ತಾರೆ. ಇಡೀ ಊರಿನ ಕಿವಿ ಹಿಂಡಲು ಹೊರಡುತ್ತಾರೆ. ಹಳೆಯ ಕೂಗಿಗೆ ಕಿವಿಗೊಟ್ಟು ಕೊಟ್ಟು, ಎದುರಿಗೆ ನಗುತ್ತಿರುವವರ ಮಾತನ್ನು ಮತ್ತೆ ಕೇಳಿಸಿಕೊಳ್ಳದೆ ಹೋಗುತ್ತಾರೆ. ಅವರೊಡನೆ ಏಗುವುದು ಸುಲಭವಲ್ಲ. ಆದರೂ ಒಂದು ಮಾತು ನಿಜ: ನಾವು ನೆಮ್ಮದಿಯಿಂದ ಇದ್ದ ಜಾಗಗಳಲ್ಲೆಲ್ಲ ಯಾರೋ ಒಬ್ಬರು ಏನನ್ನೋ ಹೇಳುತ್ತಿದ್ದರು ಎಂಬುದು ನಮಗೆ ಇಂಥವರ ಸಿಟ್ಟಿನಿಂದಲ್ಲದೆ ಬೇರೆ ಯಾವ ದಾರಿಯಿಂದಲೂ ತಿಳಿಯುವುದಿಲ್ಲ.